ತೋಟ ಮಗನಿಗಾಯಿತು, ದಿನಚರಿ?



ನಮ್ಮ ಕಾಸರಗೋಡು ಕಡೆಯ ಅಡಿಕೆ ಕೃಷಿಕನಿಗೆ ಕೈಗಡಿಯಾರದ ಅಗತ್ಯ ಕಡಿಮೆ. ಬೇಸಿಗೆಯಲ್ಲಿ ನೀರಿನ ಸರದಿ, ಮಳೆಗೆ ಮುಂಚೆ ಕೊಳೆರೋಗಕ್ಕೆ ಮದ್ದು, 40–45 ದಿನ ಕಳೆದು ಮತ್ತೊಮ್ಮೆ ಮದ್ದು, ಆಮೇಲೆ ಕೊಯ್ಲು. ಅವನನ್ನು ಎಬ್ಬಿಸುವುದೂ ಮಲಗಿಸುವುದೂ ಇವೇ. ವಯಸ್ಸಾಗಿ ತೋಟವನ್ನು ಮಗನಿಗೆ ಒಪ್ಪಿಸಿದಾಗ ದುಡಿಮೆಯ ಜೊತೆಗೆ ಈ ಗಡಿಯಾರವೂ ಕೈತಪ್ಪುತ್ತದೆ. ಪಾಲುಪತ್ರವನ್ನು ಜಾಗ್ರತೆಯಿಂದ ಬರೆಸುವ ನಾವು ಇದನ್ನು ಯೋಚಿಸುವುದಿಲ್ಲ.

ಮೊದಲ ತಿಂಗಳು ಹಾಯೆನಿಸುತ್ತದೆ. ಬಳಿಕ ಹಗಲು ಜಗಲಿಯಲ್ಲಿ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ, ಊಟಕ್ಕೆ ಹೊತ್ತುಗೊತ್ತಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಅಪಾಯ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ತಡಮಾಡಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಗಲಿಬಿಲಿ ಕಾಣುತ್ತವೆ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಮೇಲೆ ಊಟ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಶರೀರದೊಳಗೂ ಒಂದು ಗಡಿಯಾರವುಂಟು. ಅದರ ಒಳಗುಟ್ಟನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಮುಂಜಾನೆಯ ಬೆಳಕು ಆ ಗಡಿಯಾರವನ್ನು ದಿನವೂ ಸರಿಹೊಂದಿಸುತ್ತದೆ. ಆದ್ದರಿಂದ ಬೆಳಗಿನ ತ್ರಿಕಾಲ ಪ್ರಾರ್ಥನೆಯ ಗಂಟೆಗೆ ಎದ್ದು ಅಂಗಳಕ್ಕಿಳಿಯಿರಿ.

ಆಮೇಲೇನು ಮಾಡುವುದು? ಮದ್ದು ಬಿಡಲು ಮರ ಹತ್ತುವ ಹಟ ಬೇಡ. ಅಡಿಕೆ ಸಸಿಗಳ ಪಾತಿ ನಿಮಗಿರಲಿ. ಬೀಜದಡಿಕೆಯನ್ನು ತೊಟ್ಟು ಮೇಲಾಗಿ ಮರಳಿನಲ್ಲಿಟ್ಟು, ಅದು ಮುಚ್ಚುವಷ್ಟೇ ಮರಳು ಹಾಕಿ, ನೆರಳು ಮಾಡಿ, ದಿನವೂ ನೀರು ಚಿಮುಕಿಸಿರಿ. ಸುಮಾರು ಮೂರು ತಿಂಗಳಲ್ಲಿ ಎರಡು ಮೂರು ಎಲೆ ಬಂದ ಸಸಿಗಳನ್ನು ಪ್ಲಾಸ್ಟಿಕ್ ತೊಟ್ಟೆಗೆ ಬದಲಿಸಿ. ಒಂದೆರಡು ವರ್ಷಕ್ಕೆ ತೋಟಕ್ಕೆ ಸಿದ್ಧ. ಭಾರದ ಕೆಲಸವಲ್ಲ, ಆದರೆ ತಪ್ಪಿಸುವಂತಿಲ್ಲ. ಅದೇ ಅದರ ಗುಣ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಪ್ರಾರ್ಥನೆಗೂ ಕೈಕೆಲಸಕ್ಕೂ ಓದಿಗೂ ಹೊತ್ತು ಗೊತ್ತುಮಾಡಿದರು. ಆದರೆ ಮುದುಕರಿಗೂ ಮಕ್ಕಳಿಗೂ ಊಟದ ಹೊತ್ತಿಗೆ ಮುಂಚೆಯೇ ಉಣ್ಣಲು ಬಿಡಬೇಕೆಂದೂ ಬರೆದರು. ಸೊಸೆಯಂದಿರು ಗಮನಿಸಬೇಕು, ಅಪ್ಪನ ಊಟ ಮಗ ತೋಟದಿಂದ ಬರುವ ತನಕ ಕಾಯಬೇಕಾಗಿಲ್ಲ.

ಇಷ್ಟಾಗಿಯೂ ಎರಡು ವಾರ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲವಾದರೆ ಅದು ಭಕ್ತಿಯ ಕೊರತೆಯಲ್ಲ, ಖಿನ್ನತೆ ಇರಬಹುದು. ಜಪಮಾಲೆ ಬಿಡಬೇಡಿ, ವೈದ್ಯರನ್ನೂ ಕಾಣಿರಿ. ಒಂಟಿಯಾಗಿ ಹೋಗಲು ಮನಸ್ಸಿಲ್ಲದವರು ಭಾನುವಾರ ಬಲಿಪೂಜೆಯ ಬಳಿಕ ನನ್ನಲ್ಲಿ ಹೇಳಿರಿ, ಜೊತೆಗೆ ಬರುತ್ತೇನೆ.