ಚೀಲವೆಂದರೆ ಎಷ್ಟು ಕಿಲೋ? ದಾಸ್ತಾನು ತಂತ್ರಾಂಶದಲ್ಲಿ ಸರಕಿನ ದಾಖಲೆ ಮತ್ತು ಏಕಮಾನ: ಹದಿನಾರಿನ ಎರಡು ಪಾಠಗಳು

ಗಣಕೀಕೃತ ಲೆಕ್ಕಶಾಸ್ತ್ರಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠ ಯೋಜನೆಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ವಿದ್ಯಾರ್ಥಿಗಳು ಏಕಮಾನವನ್ನು ರಚಿಸುವರು.’ ಅದಕ್ಕೆ ಮೀಸಲಿಟ್ಟ ಸಮಯ ಐದು ನಿಮಿಷ. ಉಳಿದದ್ದೆಲ್ಲ ಖರೀದಿ, ಮಾರಾಟದ ವೋಚರುಗಳಿಗೆ. ಈ ಹಂಚಿಕೆ ತಲೆಕೆಳಗಾಗಬೇಕು ಎಂಬುದು ನನ್ನ ಅಭಿಪ್ರಾಯ. ವೋಚರಿನಲ್ಲಿ ಆದ ತಪ್ಪನ್ನು ಮರುದಿನ ತಿದ್ದಬಹುದು. ಏಕಮಾನವನ್ನು ತಪ್ಪಾಗಿ ಕಟ್ಟಿದರೆ ಅದರ ಮೇಲೆ ಕೂತ ಪ್ರತಿಯೊಂದು ವೋಚರೂ ತಪ್ಪಾಗುತ್ತದೆ, ಮತ್ತು ಯಾವುದೂ ತಪ್ಪಿನಂತೆ ಕಾಣುವುದಿಲ್ಲ.

ನಂಜನಗೂಡು ತಾಲ್ಲೂಕಿನ ಹದಿನಾರಿನಲ್ಲಿ ಅಭ್ಯಾಸ ಬೋಧನೆಯ ಸಂದರ್ಭದಲ್ಲಿ ಪದವಿಪೂರ್ವ ವಾಣಿಜ್ಯ ವಿಭಾಗದ ಮಕ್ಕಳಿಗೆ ಈ ವಿಷಯದ ಮೇಲೆ ಎರಡು ಮಾದರಿ ಪಾಠ ಮಾಡಿದೆ. ಮೊದಲ ಪಾಠದಲ್ಲಿ ಕಂಪ್ಯೂಟರ್ ಮುಟ್ಟಲಿಲ್ಲ. ಪ್ರಶಿಕ್ಷಣಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ಟಿಪ್ಪಣಿ ಬರೆದರು.

ಊರಿನ ಹೆಸರಿನಿಂದಲೇ ಪೀಠಿಕೆ ಹಾಕಿದೆ. ಯದುರಾಯರ ಕಥೆಯೊಂದಿಗೆ ಹೆಣೆದುಕೊಂಡ ಹೆಸರು ಅದು, ಮಕ್ಕಳಿಗೆ ಆ ಕಥೆ ಬಾಯಿಪಾಠ. ನನಗೆ ಬೇಕಾಗಿದ್ದುದು ಸಂಖ್ಯೆ. ‘ಹದಿನಾರು ಆಣೆಗೆ ಎಷ್ಟು?’ ಎಂದೆ. ‘ಒಂದು ರೂಪಾಯಿ’ ಎಂದು ಒಬ್ಬನು ಅಜ್ಜಿಯ ಮಾತಿನಿಂದ ಹೇಳಿದ. ಹದಿನಾರು ಚಟಾಕಿಗೆ ಒಂದು ಸೇರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಪಾವಿಗೆ ಒಂದು ಸೇರು ಎಂಬುದು ಅರ್ಧ ತರಗತಿಗೆ ಗೊತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ನಾನೇ ಹಲಗೆಯ ಮೇಲೆ ಬರೆದೆ. ತಂತ್ರಾಂಶದಲ್ಲಿ ‘ಸಂಯುಕ್ತ ಏಕಮಾನ’ ಎನ್ನುವುದು ಇದನ್ನೇ: ದೊಡ್ಡದೊಂದು, ಚಿಕ್ಕದೊಂದು, ನಡುವೆ ಬದಲಾಗದ ಒಂದು ಸಂಖ್ಯೆ. ಟ್ಯಾಲಿಯಲ್ಲಿ ಅದನ್ನು ಹಾಗೆಯೇ ತುಂಬುತ್ತೇವೆ. ಮೊದಲ ಏಕಮಾನ ಡಜನ್, ಪರಿವರ್ತನೆ 12, ಎರಡನೆಯ ಏಕಮಾನ ನಗ. ಬೆಂಗಳೂರಿನಲ್ಲಿ ಬೆಳೆದ ತಂತ್ರಾಂಶವಾದರೂ ಅದಕ್ಕೆ ಸೇರು, ಪಾವು ತಾನಾಗಿ ತಿಳಿಯದು, ನಾವೇ ಹೇಳಬೇಕು.

ಇಲ್ಲಿಯವರೆಗೆ ಸುಲಭ. ತೊಡಕಿರುವುದು ಮುಂದೆ, ಪಾಠದ ಹೆಚ್ಚಿನ ಸಮಯವನ್ನೂ ಅಲ್ಲಿಯೇ ಕಳೆದೆ.

ಒಬ್ಬ ಹುಡುಗಿಗೆ ಮನೆಯಿಂದ ಪಾವು ತರಲು ಹೇಳಿದ್ದೆ. ರಾಗಿ, ಹುರುಳಿ, ಕಡ್ಲೆಪುರಿ ಮೂರನ್ನೂ ಅದರಲ್ಲಿ ತಲೆಗಟ್ಟಿ ಅಳೆದು ಅಡುಗೆ ತಕ್ಕಡಿಯ ಮೇಲೆ ತೂಗಿದೆವು. ಕಡ್ಲೆಪುರಿ ತೂಗುವಾಗ ತರಗತಿಯೆಲ್ಲ ನಕ್ಕಿತು. ಒಂದೇ ಪಾವು, ಮೂರು ತೂಕ. ‘ಹಾಗಾದರೆ ಒಂದು ಪಾವು ಎಂದರೆ ಎಷ್ಟು ಗ್ರಾಂ ಎಂದು ಕಂಪ್ಯೂಟರಿಗೆ ಒಂದೇ ಸಲ ಹೇಳಬಹುದೇ?’ ಎಂದು ಕೇಳಿದೆ. ‘ಯಾವ ಕಾಳು ಅಂತ ಹೇಳ್ಬೇಕಲ್ವಾ ಸಾರ್’ ಎಂದು ಉತ್ತರ ಬಂತು. ಪರ್ಯಾಯ ಏಕಮಾನದ ತತ್ವ ಇಷ್ಟೇ. ಸಂಯುಕ್ತ ಏಕಮಾನ ಎಲ್ಲ ಸರಕಿಗೂ ಒಂದೇ. ಪರ್ಯಾಯ ಏಕಮಾನವನ್ನು ಆಯಾ ಸರಕಿನ ದಾಖಲೆಯೊಳಗೆ, ಆ ಸರಕಿಗೆ ಮಾತ್ರ ಬರೆಯುತ್ತೇವೆ. ಪಠ್ಯದಲ್ಲಿ ಇವೆರಡೂ ಅಕ್ಕಪಕ್ಕದ ಸಾಲುಗಳಲ್ಲಿ ಬರುವುದರಿಂದ ನಮ್ಮ ಪ್ರಶಿಕ್ಷಣಾರ್ಥಿಗಳು ಒಂದರ ಬದಲಿಗೆ ಇನ್ನೊಂದನ್ನು ಹೇಳಿಬಿಡುತ್ತಾರೆ.

ಆಮೇಲೆ ಗೊಬ್ಬರಕ್ಕೆ ಬಂದೆವು. ಭತ್ತ ಬೆಳೆಯುವ ಕಬಿನಿ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ‘ಸಹಕಾರ ಸಂಘಕ್ಕೆ 200 ಚೀಲ ಯೂರಿಯಾ ಬಂತು, ಎಷ್ಟು ಕಿಲೋ?’ ತರಗತಿಯ ಮುಕ್ಕಾಲು ಪಾಲು 10,000 ಎಂದಿತು. ಕೊನೆಯ ಸಾಲಿನ ಹುಡುಗನೊಬ್ಬ ತಲೆ ಎತ್ತದೆ, ‘ಯೂರಿಯಾ ಮೂಟೆ ನಲವತ್ತೈದೇ ಸಾರ್. ಡಿಎಪಿನೇ ಐವತ್ತು. ನಮ್ಮಪ್ಪ ಇಳಿಸ್ತಾರೆ’ ಎಂದ. ಅವನು ಹೇಳಿದ್ದು ಸರಿ. 2018ರಿಂದ ಯೂರಿಯಾ 45 ಕೆಜಿ ಚೀಲದಲ್ಲಿ ಬರುತ್ತಿದೆ, ಅದಕ್ಕೂ ಮೊದಲು 50 ಇತ್ತು. ಇಡೀ ವರ್ಷ ಬಾಯಿ ಬಿಡದ ಹುಡುಗ ಅವನು ಎಂದು ತರಗತಿಯ ಅಧ್ಯಾಪಕಿ ಆಮೇಲೆ ಹೇಳಿದರು.

ಅವನ ಮಾತನ್ನೇ ಹಿಡಿದು ಲೆಕ್ಕ ಮುಂದುವರಿಸಿದೆ. ಖರೀದಿ ಬರೆಯುವವರು 50ರಂತೆ 10,000 ಕೆಜಿ ಎಂದು ದಾಖಲಿಸುತ್ತಾರೆ. ಮಾರಾಟ ಬರೆಯುವವರು ಚೀಲದ ಮೇಲಿನ ಅಚ್ಚು ನೋಡಿ 45ರಂತೆ ಇಳಿಸುತ್ತಾರೆ. 200 ಚೀಲವೂ ಖಾಲಿಯಾಗುತ್ತದೆ. ಗೋದಾಮಿನಲ್ಲಿ ನೆಲ ಕಾಣುತ್ತಿದೆ, ಪರದೆಯ ಮೇಲೆ ಇನ್ನೂ 1,000 ಕೆಜಿ, ಅಂದರೆ 22 ಚೀಲಕ್ಕೂ ಹೆಚ್ಚು ಯೂರಿಯಾ ಇದೆ. ಈಗ ಎರಡು ಪ್ರಶ್ನೆ ಹಲಗೆಯ ಮೇಲೆ ಬರೆದೆ. ನಾಟಿಯಾದ ಗದ್ದೆಗೆ ಗೊಬ್ಬರ ಕೇಳಲು ಬಂದ ರೈತರಿಗೆ ಏನು ಹೇಳುವುದು? ಲೆಕ್ಕ ಪರಿಶೋಧಕರು ‘ಆ ಒಂದು ಟನ್ ಎಲ್ಲಿ?’ ಎಂದು ಕೇಳಿದರೆ ಕಾರ್ಯದರ್ಶಿ ಏನು ಹೇಳುವುದು? ತರಗತಿ ನಿಶ್ಶಬ್ದವಾಯಿತು. ಯಾರೂ ಕದ್ದಿಲ್ಲ. ಆದರೂ ಕಳವಿನ ಮಾತು ಬರುತ್ತದೆ.

‘ಇಬ್ಬರೂ ಐವತ್ತೇ ಬರ್ಕೊಂಡ್ರೆ ಸರಿಹೋಗುತ್ತಲ್ಲ ಸಾರ್?’ ಎಂದು ಒಬ್ಬಳು ಕೇಳಿದಳು. ಪ್ರಶಿಕ್ಷಣಾರ್ಥಿಗಳು ಇಂಥ ಪ್ರಶ್ನೆಯನ್ನು ಎಂದಿಗೂ ತಳ್ಳಿಹಾಕಬಾರದು. ಚೀಲದ ಎಣಿಕೆ ಸರಿಹೋಗುತ್ತದೆ, ಟನ್ನಿನ ವರದಿ ಸರಿಹೋಗುವುದಿಲ್ಲ. ಸಹಾಯಧನದ ಗೊಬ್ಬರವನ್ನು ಆಧಾರ್ ಜೋಡಿಸಿದ ಪಿಒಎಸ್ ಯಂತ್ರದ ಮೂಲಕವೇ ಮಾರಬೇಕು. ಅದು ಒಂಬತ್ತು ಟನ್ ಎಂದರೆ ಸಂಘದ ಪುಸ್ತಕ ಹತ್ತು ಎನ್ನುತ್ತದೆ. ಆದ್ದರಿಂದ ಮಕ್ಕಳು ತಾವೇ ನಿರ್ಧರಿಸಿದ್ದು ಹೀಗೆ: ಯೂರಿಯಾದ ಮೂಲ ಏಕಮಾನ ಚೀಲ, ದಶಮಾಂಶ ಸ್ಥಾನ ಸೊನ್ನೆ, ಪರ್ಯಾಯ ಏಕಮಾನ ಕೆಜಿ, 1 ಚೀಲ = 45 ಕೆಜಿ. ಡಿಎಪಿಗೆ 1 ಚೀಲ = 50 ಕೆಜಿ. ‘50 ಕೆಜಿಯ ಚೀಲ’ ಎಂಬ ಸಂಯುಕ್ತ ಏಕಮಾನವನ್ನು ಗೊಬ್ಬರದ ಗುಂಪಿಗೆಲ್ಲ ಹಚ್ಚಬಾರದು.

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಈ ಮಕ್ಕಳಲ್ಲಿ ಕೆಲವರು ಅಂಥ ಸಂಘಗಳಲ್ಲೇ ಕೆಲಸಕ್ಕೆ ಕೂರುವವರು. ಅಲ್ಲಿನ ತಂತ್ರಾಂಶ ಬೇರೆಯಿರಬಹುದು, ಚೀಲದ ಪ್ರಶ್ನೆ ಅದೇ.

ಎರಡನೆಯ ಪಾಠ ಪ್ರಯೋಗಾಲಯದಲ್ಲಿ ನಡೆಯಿತು. ಒಂದು ಕಂಪ್ಯೂಟರಿಗೆ ನಾಲ್ವರು. ಇಲ್ಲಿ ಒಂದು ವ್ಯಾವಹಾರಿಕ ಸೂಚನೆ: ಪರವಾನಗಿಯಿಲ್ಲದ ಶೈಕ್ಷಣಿಕ ಸ್ಥಿತಿಯಲ್ಲಿ ಟ್ಯಾಲಿ ತಿಂಗಳ ಮೊದಲ ಎರಡು ದಿನ ಮತ್ತು ಕೊನೆಯ ದಿನದ ದಿನಾಂಕವನ್ನು ಮಾತ್ರ ಒಪ್ಪುತ್ತದೆ. 15ನೇ ತಾರೀಖಿನ ವಹಿವಾಟು ಇರುವ ಲೆಕ್ಕ ಕೊಟ್ಟು ಹತ್ತು ನಿಮಿಷ ಒದ್ದಾಡಿದ ಪಾಠಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ದಶಮಾಂಶ ಸ್ಥಾನವನ್ನು ಕಲಿಸಲು ಬಿಸಿಯೂಟ ಸಾಕು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ. 37 ಮಕ್ಕಳಿಗೆ ಬೇಳೆ 740 ಗ್ರಾಂ. ಕೆಜಿ ಎಂಬ ಏಕಮಾನಕ್ಕೆ ದಶಮಾಂಶ ಸೊನ್ನೆ ಇಟ್ಟರೆ 0.740 ಬರೆಯಲು ಜಾಗವೇ ಇಲ್ಲ, 1 ಎಂದೇ ಬರೆಯಬೇಕು. 20 ದಿನಕ್ಕೆ ಪುಸ್ತಕದಲ್ಲಿ ಖರ್ಚಾದದ್ದು 20 ಕೆಜಿ, ಒಲೆಗೆ ಹೋದದ್ದು 14.8 ಕೆಜಿ. ಉಳಿದ 5.2 ಕೆಜಿ ಬೇಳೆ ಡಬ್ಬದಲ್ಲಿದೆ, ಪುಸ್ತಕದಲ್ಲಿಲ್ಲ. ಕೆಜಿಗೆ ಮೂರು ಸ್ಥಾನ ಇಡಬೇಕು, ಚೀಲಕ್ಕೆ ಒಂದೂ ಬೇಡ. ಅರ್ಧ ಚೀಲ ಯೂರಿಯಾ ಎಂದು ಯಾರೂ ಬೆರಳಚ್ಚಿಸಲಾಗದಂತೆ ಬಾಗಿಲು ಹಾಕುವುದೂ ಏಕಮಾನದ ಕೆಲಸವೇ.

ಬಿಡಿಭಾಗದ ಅಂಗಡಿಯ ಉದಾಹರಣೆಯನ್ನು ಚಿಕ್ಕದಾಗಿ ಮುಗಿಸಿದೆ. ಪಂಪ್‌ಸೆಟ್ಟಿನ ಬೇರಿಂಗನ್ನು ಒಬ್ಬರು ‘ಮೋಟಾರ್ ಬೇರಿಂಗ್’, ಇನ್ನೊಬ್ಬರು ‘ಚಿಕ್ಕ ಬೇರಿಂಗ್’ ಎಂದು ಬರೆದರೆ ಒಂದೇ ಸರಕಿಗೆ ಎರಡು ದಾಖಲೆಗಳಾಗುತ್ತವೆ. ಒಂದರಲ್ಲಿ ದಾಸ್ತಾನು ಮೈನಸ್ಸಿಗೆ ಇಳಿಯುತ್ತದೆ, ಇನ್ನೊಂದರಲ್ಲಿ ಕೊಳೆಯುತ್ತದೆ. ಬೇರಿಂಗಿನ ಮೇಲೆ ಕೆತ್ತಿರುವ 6203 ಎಂಬ ಸಂಖ್ಯೆಯೇ ಅದರ ನಿಜವಾದ ಹೆಸರು. ಪೈಪಿನದು ಬೇರೆ ಕಥೆ: ಬರುವುದು ಇಪ್ಪತ್ತು ಅಡಿಯ ಉದ್ದದಲ್ಲಿ, ಮಾರುವುದು ಕತ್ತರಿಸಿ ಅಡಿಯ ಲೆಕ್ಕದಲ್ಲಿ. ಕೈಬಿಟ್ಟು ಹೋಗುವ ಅತಿ ಚಿಕ್ಕ ಅಳತೆಯೇ ಮೂಲ ಏಕಮಾನವಾಗಲಿ ಎಂದು ಹೇಳಿದೆ.

ಜಿಎಸ್‌ಟಿಗಾಗಿ ಪ್ರತಿ ಏಕಮಾನಕ್ಕೂ ಒಂದು ಸಂಕೇತ ಆರಿಸಬೇಕು. ಕೆಜಿಗೆ, ಚೀಲಕ್ಕೆ, ಕ್ವಿಂಟಲಿಗೆ, ಡಜನ್ನಿಗೆ ಇದೆ. ‘ಮೊಳಕ್ಕೆ?’ ಎಂದು ಹೂ ಕಟ್ಟುವ ಮನೆಯ ಹುಡುಗಿ ಕೇಳಿದಳು. ಪಟ್ಟಿಯಲ್ಲಿ ಹುಡುಕಿಸಿದೆ. ಸಿಗಲಿಲ್ಲ, ‘ಇತರೆ’ ಎಂಬುದರಲ್ಲಿ ಹಾಕಬೇಕು. ಬಿಡಿ ಹೂವಿಗೆ ತೆರಿಗೆಯೇ ಇಲ್ಲದ್ದರಿಂದ ಅವಳ ಅಮ್ಮನಿಗೆ ಚಿಂತೆಯಿಲ್ಲ. ಆದರೂ ಮೂವರು ಮಕ್ಕಳ ಮೊಳವನ್ನು ಟೇಪಿನಿಂದ ಅಳೆದೆವು, ಮೂರೂ ಬೇರೆ ಬಂದವು. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಏಕೆ ಬಂತು, 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಏಕೆ ಜಾರಿಗೆ ಬಂದವು ಎಂದು ಆಮೇಲೆ ವಿವರಿಸುವ ಕಷ್ಟವೇ ಇರಲಿಲ್ಲ.

ವೀಕ್ಷಣಾ ಟಿಪ್ಪಣಿಗಳಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ, ‘ಮೊದಲ ಅವಧಿಯಲ್ಲಿ ತಂತ್ರಾಂಶ ತೋರಿಸದೆ ಪಠ್ಯಕ್ರಮ ಹಿಂದೆ ಬೀಳುತ್ತದೆ’ ಎಂದು ಆಕ್ಷೇಪಿಸಿದ್ದರು. ಆಕ್ಷೇಪ ನ್ಯಾಯವಾದದ್ದೇ. ಎರಡನೆಯ ಅವಧಿಯಲ್ಲಿ ಮಕ್ಕಳು ಏಳು ಸರಕುಗಳ ದಾಖಲೆಯನ್ನು ಮೆನು ಕೇಳದೆ ಕಟ್ಟಿದರು ಎಂಬುದನ್ನು ಅವರ ಟಿಪ್ಪಣಿಯ ಕೆಳಗೆ ಬರೆದೆ. ಎಲ್ಲ ಗುಂಪುಗಳೂ ಅಲ್ಲ, ಒಂದು ಗುಂಪು ಆರಂಭಿಕ ದಾಸ್ತಾನನ್ನು ಕೆಜಿಯಲ್ಲಿ, ದರವನ್ನು ಚೀಲಕ್ಕೆ ಹಾಕಿ ಮೌಲ್ಯ ಲಕ್ಷಗಳಿಗೆ ಏರಿದಾಗ ತಾವೇ ಗಾಬರಿಯಾಗಿ ಹಿಂದಕ್ಕೆ ಹೋದರು. ಆ ಗಾಬರಿ ನನಗೆ ಬೇಕಾಗಿತ್ತು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ‘ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಕೊಳ್ಳುವುದು ಒಂದು ಅಳತೆಯಲ್ಲಿ, ಕೊಡುವುದು ಇನ್ನೊಂದು ಅಳತೆಯಲ್ಲಿ ಇರುವ ವಸ್ತುವೊಂದರ ದಾಖಲೆ ಬರೆಯಿರಿ.’ ರಸಬಾಳೆ ಗೊನೆಯಲ್ಲಿ ಬಂದು ಚಿಪ್ಪಿನಲ್ಲಿ ಹೋಗುತ್ತದೆ ಎಂದು ಬರೆದವರು ಹಲವರು. ಗೊನೆಗೆ ಇಂತಿಷ್ಟೇ ಚಿಪ್ಪು ಎಂಬ ನಿಯಮವಿಲ್ಲದ್ದರಿಂದ ತೂಕವನ್ನೇ ಮೂಲವಾಗಿಡಬೇಕು ಎಂದು ಕಾರಣ ಕೊಟ್ಟವರು ಇಬ್ಬರು. ಕೊನೆಯ ಸಾಲಿನ ಹುಡುಗ ಯೂರಿಯಾವನ್ನೇ ಬರೆದು, ಕೆಳಗೆ ಒಂದು ಪ್ರಶ್ನೆ ಸೇರಿಸಿದ್ದ: ಲಾರಿಯಿಂದ ಇಳಿಸುವಾಗ ಕೊಕ್ಕೆ ತಗುಲಿ ಹರಿದ ಚೀಲದಿಂದ ಚೆಲ್ಲಿದ್ದನ್ನು ಎಲ್ಲಿ ಬರೆಯಬೇಕು? ಭೌತಿಕ ದಾಸ್ತಾನು ವೋಚರಿನ ಪಾಠ ನನ್ನ ಯೋಜನೆಯಲ್ಲಿ ಇರಲಿಲ್ಲ. ಮುಂದಿನ ವಾರ ಅದನ್ನು ತೆಗೆದುಕೊಳ್ಳಲು, ಈ ಪ್ರಶ್ನೆಯನ್ನೇ ಪೀಠಿಕೆಯಾಗಿಟ್ಟು, ಆಕ್ಷೇಪ ಬರೆದ ಪ್ರಶಿಕ್ಷಣಾರ್ಥಿಗೇ ಒಪ್ಪಿಸಿದ್ದೇನೆ.