ಕೇಳಿ ಬರೆದ ತೂಕ, ನೋಡಿ ಬರೆದ ತೂಕ

ಕಕ್ಕೇರಾ ಸುತ್ತಿನ ಹಳ್ಳಿ, ದೊಡ್ಡಿಗಳಲ್ಲಿ ಹೊಸದಾಗಿ ಆಶಾ ಕೆಲಸಕ್ಕೆ ಸೇರಿದವರಿಗೆ ತಾಯಿ ಕಾರ್ಡಿನ ಎತ್ತರ, ತೂಕದ ಖಾನೆ ತುಂಬುವುದು ಬಲು ಸುಲಭ ಅನ್ನಿಸಬಹುದು. ಕೇಳಿದರೆ ಸಾಕು, ಉತ್ತರ ಬರುತ್ತದೆ.

‘ಎಷ್ಟ್ ಕೆಜಿ ಅದಿಯವ್ವಾ?’

‘ನಲವತ್ತೈದ್ ಇರಬೇಕ್ರಿ ಅಕ್ಕಾರ.’

‘ಎತ್ತರ?’

‘ಐದ್ ಫೂಟ್ ಬರಕೋರಿ.’

ಆ ತಾಯಿ ಹಿಂದೆ ಮಷಿನ್ ಏರಿದ್ದು ಮೊದಲ ಹೆರಿಗೆಯ ಕಾಲಕ್ಕೆ ಇದ್ದೀತು. ಎತ್ತರವನ್ನಂತೂ ಯಾರೂ ಅಳೆದಿರಲಿಕ್ಕಿಲ್ಲ. ಓದು ಬಂದವರೂ ಇದರಲ್ಲಿ ತಪ್ಪುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ಕೇಳಿದ್ದನ್ನೂ ಅಳೆದದ್ದನ್ನೂ ಹೋಲಿಸಿ ನೋಡಿದಾಗ ಕಂಡದ್ದು ಇಷ್ಟು: ಜನ ಎತ್ತರವನ್ನು ತುಸು ಏರಿಸಿ ಹೇಳುತ್ತಾರೆ, ದಪ್ಪಗಿದ್ದವರು ತೂಕ ಇಳಿಸುತ್ತಾರೆ, ತೆಳ್ಳಗಿದ್ದವರು ಏರಿಸುತ್ತಾರೆ. ಸೊನ್ನೆ, ಐದರಲ್ಲಿ ಮುಗಿಯುವ ಸಂಖ್ಯೆಗಳ ಮೇಲೆ ಎಲ್ಲರಿಗೂ ಪ್ರೀತಿ.

ಎರಡು-ಮೂರು ಕೆಜಿಗೆ ಏನಾದೀತು ಎನ್ನಬೇಡಿ. ಮೇಲಿನ ತಾಯಿಯ ಎತ್ತರ ನಿಜಕ್ಕೂ 152 ಸೆಂ.ಮೀ. ಇದೆ, ತೂಕ ಮಾತ್ರ 42 ಕೆಜಿ ಎಂದುಕೊಳ್ಳಿ. ತೂಕವನ್ನು ಮೀಟರಿನ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 45 ಕೆಜಿಗೆ ಅದು 19.5, ಅಂದರೆ ಚಿಂತೆಯಿಲ್ಲ. 42ಕ್ಕೆ 18.2. 18.5ಕ್ಕಿಂತ ಕಡಿಮೆಯಾದರೆ ಕಡಿಮೆ ತೂಕದ ತಾಯಿ. ಅಮೆರಿಕದ 2009ರ ಮಾರ್ಗಸೂಚಿಯಂತೆ ಇಂಥವರು ಬಸುರಿನಲ್ಲಿ 12.5ರಿಂದ 18 ಕೆಜಿ ಏರಬೇಕು. ಸರಿ ತೂಕದವರಿಗೆ 11.5ರಿಂದ 16 ಸಾಕು. ನಮ್ಮಲ್ಲಿ ಸಾಮಾನ್ಯವಾಗಿ ಹೇಳುವುದು 10–12. ಯಾವ ಲೆಕ್ಕ ಹಿಡಿದರೂ ಶುರುವಿನ ತೂಕವೇ ತಪ್ಪಿದ್ದರೆ ಏರಿದ್ದೆಷ್ಟು ಎಂಬುದೂ ತಪ್ಪುತ್ತದೆ.

ಎತ್ತರದ ವಿಷಯ ಇನ್ನೂ ಸೂಕ್ಷ್ಮ. 145 ಸೆಂ.ಮೀ.ಗಿಂತ (ಕೆಲವು ಪಟ್ಟಿಗಳಲ್ಲಿ 140) ಗಿಡ್ಡ ಇದ್ದವರ ಸೊಂಟದ ಎಲುಬಿನ ದಾರಿ ಕಿರಿದಿರಬಹುದೆಂದು ಹೆರಿಗೆಗೆ ಮೊದಲೇ ಎಚ್ಚರ ವಹಿಸುತ್ತಾರೆ. ‘ಐದ್ ಫೂಟ್’ ಅಂದರೆ 152. ನಾಲ್ಕು ಫೂಟು ಎಂಟು ಇಂಚಿನವಳಿಗೂ ಅದನ್ನೇ ಬರೆದರೆ ಆಕೆ ಆ ಪಟ್ಟಿಗೇ ಸೇರುವುದಿಲ್ಲ.

ನಮ್ಮ ಕಡೆಗೆ ಇನ್ನೊಂದು ತೊಡಕು ಗುಳೆ. ಬೆಂಗಳೂರು, ಪುಣೆ ಕಡೆ ದುಡಿಯಲು ಹೋದವರು ಕುಬಸದ ಹೊತ್ತಿಗೆ ಊರಿಗೆ ಬಂದರೆ ಮೊದಲ ಮೂರು ತಿಂಗಳ ತೂಕ ಎಲ್ಲಿಂದ ತರುವುದು? ಆಗ ಕೇಳಲೇಬೇಕು. ಆದರೆ ಬರೀ ‘ಎಷ್ಟಿತ್ತು’ ಅನ್ನಬೇಡಿ. ‘ಎಲ್ಲಿ ನೋಡಿಸಿದ್ದಿ, ಎಷ್ಟನೇ ತಿಂಗಳಿತ್ತು, ಚೀಟಿ ಐತೇನು’ ಎಂದು ಕೇಳಿ. ಹಳೆಯ ತಾಯಿ ಕಾರ್ಡ್ ಟ್ರಂಕಿನಲ್ಲಿದ್ದರೆ ತೆಗೆಸಿ. ಸಿಕ್ಕ ತೂಕದ ಪಕ್ಕ ‘ಕೇಳಿದ್ದು’ ಎಂದು ಬರೆಯಿರಿ. ಈ ಒಂದು ಪದ ವೈದ್ಯರಿಗೆ ಬಹಳ ಉಪಕಾರ ಮಾಡುತ್ತದೆ.

ಊರಲ್ಲೇ ಇದ್ದವರನ್ನು 12 ವಾರದೊಳಗೆ ತೂಗಿಸಿ. ಅಷ್ಟರಲ್ಲಿ ತೂಕ ಹೆಚ್ಚು ಬದಲಾಗಿರುವುದಿಲ್ಲ, ವಾಂತಿ ಜಾಸ್ತಿ ಇದ್ದರೆ ಮಾತ್ರ ಇಳಿದಿರುತ್ತದೆ. ಮಷಿನನ್ನು ಶಹಾಬಾದ್ ಪರಸಿಯ ಸಂದಿನ ಮೇಲೆ ಇಡಬೇಡಿ, ಅಲುಗಾಡುತ್ತದೆ. ಮುಳ್ಳು ಸೊನ್ನೆಗೆ ನಿಂತಿದೆಯೇ ನೋಡಿ. ಸೊಂಟದ ಚೀಲ, ಮೊಬೈಲು ಕೆಳಗಿಡಿಸಿ. ಎತ್ತರಕ್ಕೆ ಚಪ್ಪಲಿ ಬಿಡಿಸಿ, ತುರುಬು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ. ಎತ್ತರ ಒಮ್ಮೆ ಸರಿಯಾಗಿ ಅಳೆದರೆ ಸಾಕು, ತೂಕವನ್ನು ಪ್ರತಿ ತಪಾಸಣೆಗೂ ನೋಡಬೇಕು.

ತಿಂಗಳ ಕೊನೆಗೆ ನಿಮ್ಮ ರಿಜಿಸ್ಟರ್ ತೆರೆದು ನೋಡಿ. ಎಲ್ಲರ ಎತ್ತರವೂ 152, ಎಲ್ಲರ ತೂಕವೂ 45 ಇಲ್ಲವೇ 50 ಇದ್ದರೆ, ಆ ಮನೆಗಳಿಗೆ ಟೇಪು, ಮಷಿನ್ ಹಿಡಿದು ಮತ್ತೊಮ್ಮೆ ಹೋಗಿ ಬನ್ನಿ.