ಹಳೇ ಸ್ಪೀಕರುಗಳಿಗೆ ದನಿ ಮರಳಿಸುವಾಗ

ಕೆಟ್ಟುಹೋಗಿದೆ ಎಂದು ಜನ ತಂದಿಡುವ ಹಳೇ ಸ್ಪೀಕರುಗಳಲ್ಲಿ ಹೆಚ್ಚಿನವು ಪೂರ್ತಿ ಕೆಟ್ಟಿರುವುದಿಲ್ಲ. ಮ್ಯಾಗ್ನೆಟ್ ಗಟ್ಟಿಯಾಗಿರುತ್ತದೆ, ಕಾಯಿಲ್ ಸರಿಯಾಗಿಯೇ ಇರುತ್ತದೆ. ಹಾಳಾಗಿರುವುದು ಕೋನಿನ ಅಂಚಿನ ಫೋಮು, ಒಳಗಿನ ಒಂದೆರಡು ಕೆಪಾಸಿಟರು, ಕಿಲುಬು ಹಿಡಿದ ಟರ್ಮಿನಲ್ಲು. ಹಾಗಾಗಿ ಈ ಕೆಲಸದಲ್ಲಿ ಏನು ಬದಲಿಸಬೇಕು ಎನ್ನುವುದಕ್ಕಿಂತ ಏನನ್ನು ಮುಟ್ಟಬಾರದು ಎನ್ನುವುದೇ ದೊಡ್ಡ ಪ್ರಶ್ನೆ. ಸ್ಪೀಕರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿಕೊಡುವುದು ನಮ್ಮ ಕೆಲಸ. ಅದನ್ನು ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಹೊರಟವರ ಕೈಯಲ್ಲಿ ಹಾಳಾದ ಜೋಡಿಗಳನ್ನು ಬಹಳ ನೋಡಿದ್ದೇನೆ.

1. ಮೊದಲು ಮೀಟರು, ಆಮೇಲೆ ಸ್ಕ್ರೂಡ್ರೈವರು

ಮಲ್ಟಿಮೀಟರಿನಲ್ಲಿ 8 ಓಂ ಡ್ರೈವರು ಸಾಮಾನ್ಯವಾಗಿ 5.5ರಿಂದ 7 ಓಂ ತೋರಿಸುತ್ತದೆ, 4 ಓಂನದು 3ರ ಆಸುಪಾಸು. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ಅದರ ತಂತಿ ಕಡಿದಿದೆ. ಆಮೇಲೆ ಎರಡೂ ಕೈಯ ಬೆರಳ ತುದಿಗಳಿಂದ ಕೋನನ್ನು ಸಮನಾಗಿ ಒಳಕ್ಕೆ ಒತ್ತಿ, ಕಿವಿ ಹತ್ತಿರ ತಂದು ಕೇಳಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ.

ಬಿಚ್ಚುವ ಮೊದಲು ಪ್ರತಿ ತಂತಿಗೂ ಗುರುತು ಹಾಕಿ, ಫೋಟೋ ತೆಗೆದಿಡಿ. ಟ್ವೀಟರಿನ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಕಂಡರೆ ಯಾರೋ ತಪ್ಪು ಮಾಡಿದ್ದಾರೆಂದು ‘ಸರಿ’ ಮಾಡಲು ಹೋಗಬೇಡಿ. ವೂಫರಿಗೂ ಟ್ವೀಟರಿಗೂ ಸದ್ದು ಹಂಚಿಕೊಡುವ ಎಷ್ಟೋ ಕ್ರಾಸ್‌ಓವರುಗಳಲ್ಲಿ ಅದು ಬೇಕೆಂದೇ ಹಾಗಿರುತ್ತದೆ. ಹಳೇ ಜೆಬಿಎಲ್ ಡ್ರೈವರುಗಳಲ್ಲಂತೂ ಕೆಂಪು ಟರ್ಮಿನಲ್ಲಿಗೆ 1.5 ವೋಲ್ಟ್ ಸೆಲ್ಲಿನ ಪ್ಲಸ್ ಮುಟ್ಟಿಸಿದರೆ ಕೋನು ಮುಂದೆ ಬರುವ ಬದಲು ಹಿಂದೆ ಹೋಗುತ್ತದೆ.

2. ಫೋಮ್ ಬದಲಿಸಲು ಅವಸರ ಬೇಡ

ಎಪ್ಪತ್ತು, ಎಂಬತ್ತರ ದಶಕದ ಬಹಳಷ್ಟು ಸ್ಪೀಕರುಗಳ ಅಂಚು ಪಾಲಿಯುರಿಥೇನ್ ಫೋಮಿನದು. ಹದಿನೈದಿಪ್ಪತ್ತು ವರ್ಷಕ್ಕೆ ಅದು ತೇವ ಹೀರಿ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಮನೆಗಳಿಂದ ಬಂದವುಗಳಲ್ಲಿ ಮುಟ್ಟಿದರೆ ಬೆರಳಿಗೆ ಕರೀ ಮಸಿ ಬರುತ್ತದೆ.

ಹಳೇ ಫೋಮು ಕಿತ್ತ ಮೇಲೆ ಕೋನಿನ ಅಂಚಲ್ಲಿ ಉಳಿಯುವ ಅಂಟಿನ ಪದರ ತೆಗೆಯುವುದೇ ನಿಜವಾದ ಕೆಲಸ. ಹತ್ತಿಯಲ್ಲಿ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿ ಅದರ ಮೇಲೆ ಸವರಿ, ಅಂಟು ಮೆತ್ತಗಾಗುವವರೆಗೆ ಕಾದು, ಐಸ್‌ಕ್ರೀಂ ಕಡ್ಡಿಯಿಂದ ಒಂದೊಂದೇ ಇಂಚು ಎಬ್ಬಿಸಬೇಕು. ಬ್ಲೇಡು ಹಿಡಿದರೆ ಕಾಗದದ ಕೋನು ಹರಿಯುತ್ತದೆ. ಹೊಸ ಫೋಮನ್ನು ಮೊದಲು ಕೋನಿಗೆ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಫ್ರೇಮಿಗೆ ಅಂಟಿಸಿ. ಈ ಎರಡನೇ ಹಂತದಲ್ಲಿ ಕಾಯಿಲ್ ನಟ್ಟನಡುವೆ ನಿಲ್ಲಬೇಕು. ನಡುವಿನ ಡಸ್ಟ್ ಕ್ಯಾಪ್ ತೆಗೆದಿದ್ದರೆ ಓಎಚ್‌ಪಿ ಹಾಳೆಯ ಸಣ್ಣ ಪಟ್ಟಿಗಳನ್ನು ಕಾಯಿಲ್ ಸುತ್ತ ತೂರಿಸಿ ನಿಲ್ಲಿಸಬಹುದು. ತೆಗೆಯದಿದ್ದರೆ 30 ಹರ್ಟ್ಜ್‌ನ ಸದ್ದನ್ನು ತೀರಾ ಮೆಲ್ಲಗೆ ಹರಿಸಿ, ಉಜ್ಜುವ ಶಬ್ದ ಬಾರದ ಜಾಗದಲ್ಲಿ ಅಂಚನ್ನು ಒತ್ತಿ ಕೂರಿಸಬಹುದು. ನನಗೆ ಎರಡನೆಯ ದಾರಿಯೇ ಇಷ್ಟ, ಡಸ್ಟ್ ಕ್ಯಾಪ್ ಕೆಡುವುದಿಲ್ಲ. ಒಣಗಿದರೂ ಮೆದುವಾಗಿಯೇ ಉಳಿಯುವ ಬಿಳಿ ಅಂಟು ಬಳಸಿ. ಫೆವಿಕ್ವಿಕ್ ಕಲ್ಲಾಗುತ್ತದೆ, ಅದು ಬೇಡವೇ ಬೇಡ. ಮುಗಿದ ಮೇಲೆ ಇಪ್ಪತ್ನಾಲ್ಕು ಗಂಟೆ ಮುಟ್ಟಬೇಡಿ.

ಫೋಮಿದ್ದ ಕಡೆ ‘ಬಾಳಿಕೆ ಬರುತ್ತೆ’ ಎಂದು ರಬ್ಬರು ಹಾಕಿಸುವವರಿದ್ದಾರೆ. ರಬ್ಬರು ಭಾರ. ಕೋನಿನ ತೂಕ ಬದಲಾದರೆ ಬೇಸ್ ಬದಲಾಗುತ್ತದೆ. ಅಂಚು ಮೊದಲೇ ರಬ್ಬರಿನದೋ ಮದ್ದು ಸವರಿದ ಬಟ್ಟೆಯದೋ ಆಗಿದ್ದು, ಹರಿದಿಲ್ಲದಿದ್ದರೆ ಧೂಳು ಒರೆಸಿ ಬಿಟ್ಟುಬಿಡಿ.

3. ಕೆಪಾಸಿಟರು ಅಳೆಯದೆ ಕೀಳಬೇಡಿ

ಕ್ರಾಸ್‌ಓವರಿನಲ್ಲಿರುವ ನಾನ್‌ಪೋಲಾರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಒಣಗುತ್ತವೆ. ಮೌಲ್ಯವೂ ಸರಿಯುತ್ತದೆ, ಒಳಗಿನ ರೆಸಿಸ್ಟೆನ್ಸೂ ಏರುತ್ತದೆ. ಒಂದು ಕಾಲನ್ನು ಬೋರ್ಡಿನಿಂದ ಬಿಡಿಸಿ ಅಳೆದು, ಕೆಟ್ಟದ್ದನ್ನು ಮಾತ್ರ ತೆಗೆಯಿರಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೇಳುವಾಗ ‘ನಾನ್‌ಪೋಲಾರ್, 100 ವೋಲ್ಟ್’ ಎಂದೇ ಕೇಳಿ. ರೇಡಿಯೋಗೆ ಹಾಕುವ ಮಾಮೂಲಿ ಪ್ಲಸ್-ಮೈನಸ್ ಕೆಪಾಸಿಟರು ಇಲ್ಲಿ ನಡೆಯುವುದಿಲ್ಲ.

ದುಬಾರಿ ಫಿಲ್ಮ್ ಕೆಪಾಸಿಟರು ಹಾಕಿದ ಮೇಲೆ ಟ್ವೀಟರು ಚುಚ್ಚುತ್ತದೆ ಎಂಬ ದೂರು ಆಗಾಗ ಬರುತ್ತದೆ. ಫಿಲ್ಮಿನ ಒಳ ರೆಸಿಸ್ಟೆನ್ಸ್ ತೀರಾ ಕಡಿಮೆ. ಎಲೆಕ್ಟ್ರೋಲಿಟಿಕ್‌ನಲ್ಲಿದ್ದ ಅಷ್ಟಿಷ್ಟು ರೆಸಿಸ್ಟೆನ್ಸನ್ನೂ ಲೆಕ್ಕಕ್ಕೆ ಹಿಡಿದೇ ಅಂದಿನ ಎಂಜಿನಿಯರು ಸದ್ದು ಹೊಂದಿಸಿರುತ್ತಾನೆ. ಅರ್ಧ ಓಂ ಆಸುಪಾಸಿನ ರೆಸಿಸ್ಟರನ್ನು ಸೀರೀಸ್‌ನಲ್ಲಿ ಸೇರಿಸಿದರೆ ಹಳೇ ದನಿ ಮರಳುತ್ತದೆ.

4. ಪೆಟ್ಟಿಗೆಯೂ ವಾದ್ಯದ ಭಾಗ

ಎಡ್ಗರ್ ವಿಲ್ಚರ್ 1954ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಎಆರ್-1 ಸ್ಪೀಕರು ಹೊರತಂದಾಗ ಕೋನನ್ನು ಹಿಡಿದು ಹಿಂದಕ್ಕೆಳೆಯುವ ಸ್ಪ್ರಿಂಗಿನ ಕೆಲಸವನ್ನು ಪೆಟ್ಟಿಗೆಯೊಳಗಿನ ಗಾಳಿಗೇ ಒಪ್ಪಿಸಿದರು. ಅದೇ ಸಾಲಿನ ಎಆರ್-3ಎ ಕೂಡ ಇದೇ ಜಾತಿಯದು. ಇಂಥ ಪೆಟ್ಟಿಗೆಯಲ್ಲಿ ಗಾಳಿ ಸೋರಿದರೆ ಬೇಸ್ ಹೋಯಿತು. ವೂಫರನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ಮೇಲೆದ್ದು ಬಂದರೆ ಸರಿ, ಚಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಗ್ಯಾಸ್ಕೆಟ್ಟಿನಲ್ಲಿ. ಒಳಗೆ ತುಂಬಿದ ಗ್ಲಾಸ್‌ವೂಲನ್ನು ಮಾಸ್ಕು, ಗ್ಲೌಸು ಹಾಕಿಕೊಂಡು ತೆಗೆಯಿರಿ, ತೂಕ ಬರೆದಿಡಿ, ಅಷ್ಟನ್ನೇ ವಾಪಸು ತುಂಬಿ. ಎಆರ್-3ಎ ಹಿಂಬದಿಯ ಎರಡು ಕಂಟ್ರೋಲುಗಳು ಕಿಲುಬು ಹಿಡಿದು ಟ್ವೀಟರನ್ನೇ ಮೌನಗೊಳಿಸುವುದು ಮಾಮೂಲು. ಟ್ವೀಟರು ಸುಟ್ಟಿದೆ ಎನ್ನುವ ಮೊದಲು ಅವನ್ನು ಬಿಚ್ಚಿ ಉಜ್ಜಿ.

ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಇನ್ನೊಂದು ಬಗೆ. ಅದರ ಬರ್ಚ್ ಪ್ಲೈವುಡ್ ಗೋಡೆ ಬೇಕೆಂದೇ ತೆಳುವು, ಒಳಗೆ ಕಂಪನ ಹೀರುವ ಪದರ. ಅದಕ್ಕೆ ಅಡ್ಡಪಟ್ಟಿ ಬಡಿದು ಗಟ್ಟಿಮಾಡುವುದು ಅದನ್ನು ಕೆಡಿಸಿದ ಹಾಗೆ.

5. ಹಳೇ ಆ್ಯಂಪ್ಲಿಫೈಯರನ್ನು ನೇರವಾಗಿ ಚುಚ್ಚಬೇಡಿ

ಸ್ಪೀಕರಿನ ಜೊತೆಗೆ ಅದನ್ನು ನುಡಿಸುವ ಆ್ಯಂಪ್ಲಿಫೈಯರೂ ಹೆಚ್ಚಾಗಿ ಹಳೆಯದೇ ಇರುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿದ್ದದ್ದನ್ನು ಮೊದಲು ಸೀರೀಸ್ ಬಲ್ಬಿನ ಮೂಲಕ ಆನ್ ಮಾಡಿ. ಎಲ್‌ಇಡಿ ಅಲ್ಲ, ಹಳೇ ಫಿಲಮೆಂಟ್ ಬಲ್ಬು. ಒಮ್ಮೆ ಹೊಳೆದು ಮಂಕಾದರೆ ಒಳ್ಳೆಯದು, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಮೇಲೆ ಸ್ಪೀಕರಿಲ್ಲದೆ ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. 100 ದಾಟಿದರೆ ರಿಪೇರಿ ಆಗುವವರೆಗೆ ಯಾವ ಸ್ಪೀಕರನ್ನೂ ಜೋಡಿಸಬೇಡಿ. ಇದು ಟ್ರಾನ್ಸಿಸ್ಟರಿನ ಮಾತು. ವಾಲ್ವ್ ಆ್ಯಂಪ್ಲಿಫೈಯರನ್ನು ಲೋಡ್ ಇಲ್ಲದೆ ಓಡಿಸಲೇಬಾರದು. ವಿದೇಶದಿಂದ ಬಂಧುಗಳು ಹೊತ್ತು ತಂದ ಸೆಟ್ಟಾದರೆ ಹಿಂಬದಿ ಓದಿ: ಅಮೆರಿಕದ್ದು 120 ವೋಲ್ಟ್, ಜಪಾನಿನೊಳಗೆ ಮಾರಿದ್ದು 100. ನಮ್ಮ 230ಕ್ಕೆ ತಕ್ಕ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

6. ವ್ಯಾಟ್ ನೋಡಿ ಜೋಡಿ ಮಾಡಬೇಡಿ

ನೋಡಬೇಕಾದ್ದು ಸ್ಪೀಕರಿನ ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಎಷ್ಟು ಸದ್ದು ಎಂಬುದು) ಮತ್ತು ಇಂಪೀಡೆನ್ಸ್. ಪ್ರತಿ 3 ಡೆಸಿಬೆಲ್ ಹೆಚ್ಚಳಕ್ಕೂ ವ್ಯಾಟ್ ಇಮ್ಮಡಿ ಬೇಕು, 10ಕ್ಕೆ ಹತ್ತರಷ್ಟು. ಎಲ್‌ಎಸ್3/5ಎ ಸುಮಾರು 83 ಡೆಸಿಬೆಲ್‌ನದು, ಕ್ಲಿಪ್ಶ್‌ಹಾರ್ನ್ ಎಂಬ ಹಾರ್ನ್ ಸ್ಪೀಕರು ನೂರಕ್ಕೂ ಮೇಲೆ. ಅಂದರೆ ಹಾರ್ನು ಒಂದು ವ್ಯಾಟಿನಲ್ಲಿ ಕೊಡುವ ಸದ್ದಿಗೆ ಪುಟ್ಟ ಎಲ್‌ಎಸ್3/5ಎ ನೂರು ವ್ಯಾಟ್ ಆಸುಪಾಸು ಕೇಳುತ್ತದೆ, ಅಷ್ಟನ್ನು ತಾಳುವುದೂ ಇಲ್ಲ. ಇದು ಚಿಕ್ಕ ಕೋಣೆಯಲ್ಲಿ ಹತ್ತಿರ ಕೂತು ಕೇಳುವ ಸ್ಪೀಕರು. ಮೊದಲ ಪೀಳಿಗೆಯದು 15 ಓಂ, ಹಾಗಾಗಿ ಸಾಧಾರಣ ವಾಲ್ವ್ ಆ್ಯಂಪ್ಲಿಫೈಯರಿನ 16 ಓಂ ಟ್ಯಾಪಿಗೆ ಸೊಗಸಾಗಿ ಹೊಂದುತ್ತದೆ. 4 ಓಂನ ಎಆರ್-3ಎಗೆ ಅದು ಸಾಲದು, ಕರೆಂಟು ಧಾರಾಳವಾಗಿ ಕೊಡುವ ಟ್ರಾನ್ಸಿಸ್ಟರ್ ಬೇಕು. ಇನ್ನು 1957ರ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಾದ ಕ್ವಾಡ್ ಇಎಸ್‌ಎಲ್‌ಗೆ ಅತಿ ವ್ಯಾಟ್ ಕೊಟ್ಟರೆ ಒಳಗೆ ಕಿಡಿ ಹಾರಿ ಪ್ಯಾನೆಲ್ಲು ತೂತಾಗುತ್ತದೆ. ಕಂಪನಿಯದೇ ಆ್ಯಂಪ್ಲಿಫೈಯರಾದ ಕ್ವಾಡ್ II ಬರೀ 15 ವ್ಯಾಟ್ ಎಂಬುದನ್ನು ನೆನಪಿಡಿ.

ಟ್ವೀಟರು ಸುಡುವುದು ದೊಡ್ಡ ಆ್ಯಂಪ್ಲಿಫೈಯರಿನಿಂದ ಮಾತ್ರವಲ್ಲ. ಚಿಕ್ಕದನ್ನು ಮಿತಿಮೀರಿ ದುಡಿಸಿ ದನಿ ಒಡೆಸಿದರೂ ಸುಡುತ್ತದೆ.

7. ಸ್ಟ್ಯಾಂಡು ಕುರ್ಚಿಯಿಂದ ಶುರು

ನೀವು ಕೂರುವ ಕುರ್ಚಿಯಲ್ಲಿ ಕೂತು ಕಿವಿಯ ಎತ್ತರ ಅಳೆಸಿಕೊಳ್ಳಿ. ಟ್ವೀಟರು ಅಲ್ಲಿಗೆ ಬರಬೇಕು. ಎಲ್‌ಎಸ್3/5ಎಗೆ ಸುಮಾರು 60 ಸೆಂಟಿಮೀಟರಿನ ಸ್ಟ್ಯಾಂಡು ಸರಿಹೋಗುತ್ತದೆ. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲೇ ಚೌಕದ ಕೊಳವೆಯಲ್ಲಿ ಮಾಡಿಸಿ, ಒಳಗೆ ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಮರಳು ತುಂಬಿ. ತಟ್ಟಿದರೆ ಗಂಟೆಯಂತೆ ಮೊಳಗುತ್ತಿದ್ದ ಕೊಳವೆ ಮಂಕಾಗಿ ‘ದಬ್’ ಎನ್ನಬೇಕು. ಅಡಿಗೆ ಕಡಪ ಕಲ್ಲಿನ ತುಂಡು ಸಾಕು. ಈ ಲೆಕ್ಕಕ್ಕೆ ಎಆರ್-3ಎ ಹೊರತು: ಅದಕ್ಕೆ ಎತ್ತರದ ಸ್ಟ್ಯಾಂಡು ಬೇಡ, ಗಟ್ಟಿಮುಟ್ಟಾದ ಗಿಡ್ಡ ಮಣೆ ಸಾಕು, ಗೋಡೆಗೆ ಹತ್ತಿರವಿಡಿ. ಶೆಲ್ಫಿನಲ್ಲಿ, ಗೋಡೆಯ ಆಸರೆಯಲ್ಲಿ ನುಡಿಯಲೆಂದೇ ಅದನ್ನು ಮಾಡಿದ್ದು. ಗ್ರಾನೈಟ್ ನೆಲದ ಮನೆಯಾದರೆ ಮುಂದೆ ಒಂದು ದಪ್ಪ ಜಮಖಾನ ಹಾಸಿ ನೋಡಿ. ಕೇಬಲ್ಲಿಗೆ ಸುರಿಯುವ ಹಣಕ್ಕಿಂತ ಅದರಿಂದ ಹೆಚ್ಚು ಪ್ರಯೋಜನ.

8. ಕೊನೆಯ ಪರೀಕ್ಷೆ ಕಂಠದ್ದು

ಎಲ್ಲ ಮುಗಿದ ಮೇಲೆ ನಾನು ಹಾಕುವುದು ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ, ಮೋನೋದಲ್ಲಿ. ಕಂಠ ಎರಡೂ ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು, ಹಿಂದಿನ ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳಬೇಕು. ಕಂಠ ಒಂದು ಕಡೆ ವಾಲಿದರೆ ಆ ಕಡೆಯದನ್ನು ಮಾತ್ರವಲ್ಲ, ಎರಡೂ ಕಡೆಯ ಕೆಲಸವನ್ನು ಮತ್ತೆ ಅಳೆಯುತ್ತೇನೆ.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಜೋಡಿ ಇದ್ದರೆ ಗುಜರಿಯವನನ್ನು ಕರೆಯುವ ಮೊದಲು ಹಿಂಬದಿಯ ಲೇಬಲ್ ಓದಿ, ಮೀಟರು ಹಿಡಿದು ನೋಡಿ. ಒಂದು ಕೆಟ್ಟಿದ್ದರೂ ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳಿ. ಒಂಟಿ ಸ್ಪೀಕರಿಗೆ ಅದೇ ವಯಸ್ಸಿನ ಜೊತೆ ಹುಡುಕುವುದು ರಿಪೇರಿಗಿಂತ ಕಷ್ಟ.